ಟೈರಿಗೆ ಟೋಪಿ ಹಾಕಿ!

ಕನ್ನಡದಲ್ಲಿ ‘ಟೋಪಿ ಹಾಕುವುದು’ ಎಂದರೆ ಮೋಸ ಮಾಡುವುದು. ಆದರೆ ಟೋಪಿ ಹಾಕದೇ ಹೋದರೆ ಮೋಸವಾಗುವ ಜಾಗ ಒಂದಿದೆ. ಕಾರು, ಸ್ಕೂಟರು, ಬೈಕುಗಳ ಚಕ್ರದಿಂದ ಕಿರುಬೆರಳಿನಷ್ಟು ಹೊರಗೆ ಚಾಚಿಕೊಂಡಿರುವ, ಗಾಳಿ ತುಂಬುವ ವಾಲ್ವ್ ಅದು. ಅದರ ತಲೆಯ ಮೇಲೆ ಕೂರುವ ಕಪ್ಪು ಪ್ಲಾಸ್ಟಿಕ್ಕಿನ ಪುಟ್ಟ ಮುಚ್ಚಳಕ್ಕೆ ಗ್ಯಾರೇಜಿನವರು ವಾಲ್ವ್ ಕ್ಯಾಪ್ ಎನ್ನುತ್ತಾರೆ. ಇಡೀ ಕಾರಿನಲ್ಲಿ ಇದಕ್ಕಿಂತ ಅಗ್ಗದ ಭಾಗ ಸಿಗುವುದು ಕಷ್ಟ. ಇದಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾದ ಭಾಗ ಸಿಗುವುದೂ ಕಷ್ಟ.

ಯಾವುದಾದರೂ ಕಲ್ಯಾಣ ಮಂಟಪದ ಮುಂದೆ ಸಾಲಾಗಿ ನಿಂತ ವಾಹನಗಳ ಚಕ್ರಗಳನ್ನು ಒಮ್ಮೆ ನೋಡುತ್ತ ಹೋಗಿ. ಬೋಳುತಲೆಯ ವಾಲ್ವುಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಕೆಲವು ಮುಚ್ಚಳಗಳು ಗಾಳಿ ಹೊಡೆಸುವ ಅವಸರದಲ್ಲಿ ಪೆಟ್ರೋಲ್ ಬಂಕಿನ ನೆಲದ ಮೇಲೆಯೇ ಉಳಿದಿರುತ್ತವೆ. ಕೆಲವು ಸರಿಯಾಗಿ ತಿರುಗಿಸದೆ ದಾರಿಯಲ್ಲಿ ಉದುರಿರುತ್ತವೆ. ಇನ್ನು ಕೆಲವು ಬೀದಿಯ ಹುಡುಗರ ಜೇಬು ಸೇರಿರುತ್ತವೆ. ವಾಹನದ ಯಜಮಾನರನ್ನು ಕೇಳಿದರೆ, ‘ಅದು ಇಲ್ಲದಿದ್ದರೆ ಏನಂತೆ? ಗಾಳಿಯೇನೂ ಹೋಗುವುದಿಲ್ಲವಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಮಾತು ಅರ್ಧ ನಿಜ. ಮುಚ್ಚಳ ತೆಗೆದ ಕೂಡಲೇ ಗಾಳಿ ಹೋಗುವುದಿಲ್ಲ. ಉಳಿದ ಅರ್ಧ ನಿಜವನ್ನು ತಿಳಿಯಬೇಕಾದರೆ ವಾಲ್ವಿನ ಒಳಗೆ ಇಣುಕಬೇಕು.

ಒಳಗೊಂದು ಬಾಗಿಲು

ವಾಲ್ವಿನ ಬಾಯಿಯ ಒಳಗೆ ನೋಡಿದರೆ ನಡುವೆ ಸೂಜಿಯಂಥ ಒಂದು ಕಡ್ಡಿ ಕಾಣುತ್ತದೆ. ಮೆಕ್ಯಾನಿಕ್ಕುಗಳು ಅದನ್ನು ವಾಲ್ವ್ ಪಿನ್ ಎನ್ನುತ್ತಾರೆ. ಉಗುರಿನಿಂದ ಒತ್ತಿದರೆ ‘ಸುಸ್’ ಎಂದು ಗಾಳಿ ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಈ ಕಡ್ಡಿಯ ಕೆಳತುದಿಯಲ್ಲಿ ರಬ್ಬರಿನ ಪುಟ್ಟ ಬಿರಡೆ ಇರುತ್ತದೆ. ಒಂದು ಸ್ಪ್ರಿಂಗು ಅದನ್ನು ಸದಾ ಮೇಲಕ್ಕೆ ಎಳೆದು ಬಾಗಿಲು ಮುಚ್ಚುತ್ತದೆ. ಟೈರಿನೊಳಗಿನ ಗಾಳಿಯೂ ಅದೇ ದಿಕ್ಕಿನಲ್ಲಿ ಒತ್ತಿ ಬಾಗಿಲನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹೊರಗೆ ಹೋಗಲು ಹವಣಿಸುವ ಗಾಳಿಯೇ ತನ್ನ ಬಾಗಿಲನ್ನು ತಾನೇ ಹಾಕಿಕೊಳ್ಳುವ ಏರ್ಪಾಡು ಇದು. ಪಂಪಿನ ಕೊಳವೆ ಸಿಕ್ಕಿಸಿದಾಗ ಕಡ್ಡಿ ಕೆಳಕ್ಕೆ ಒತ್ತಿಕೊಂಡು ಬಾಗಿಲು ತೆರೆಯುತ್ತದೆ, ಗಾಳಿ ಒಳಗೆ ಹೋಗುತ್ತದೆ.

ಈ ಬಗೆಯ ವಾಲ್ವಿಗೆ ಷ್ರೇಡರ್ ವಾಲ್ವ್ ಎಂದು ಹೆಸರು. ಗಾಳಿ ತುಂಬಿದ ಟೈರನ್ನು ಮೊದಲು ಯೋಚಿಸಿದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. 1845ರಲ್ಲೇ ಆತ ಅದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಅದು ಬಳಕೆಗೆ ಬರಲಿಲ್ಲ, ಜನ ಮರೆತರು. ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ 1887ರಲ್ಲಿ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ರಬ್ಬರ್ ಕೊಳವೆ ಸುತ್ತಿ ಗಾಳಿ ತುಂಬಿಸಿ ಓಡಿಸಿದ. ಮರುವರ್ಷ ಅವನಿಗೂ ಪೇಟೆಂಟ್ ಸಿಕ್ಕಿತು. ಅಲ್ಲಿಂದ ಗಾಳಿ ಟೈರಿನ ಯುಗ ಆರಂಭವಾಯಿತು.

ಗಾಳಿ ತುಂಬುವುದು ಸುಲಭ, ತುಂಬಿದ ಗಾಳಿಯನ್ನು ಹಿಡಿದಿಡುವುದೇ ಕಷ್ಟ. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಬಂದ ಆಗಸ್ಟ್ ಷ್ರೇಡರ್ ನ್ಯೂಯಾರ್ಕಿನಲ್ಲಿ ಅಂಗಡಿ ಇಟ್ಟಿದ್ದ. ಸಮುದ್ರದಲ್ಲಿ ಮುಳುಗುವವರು ತಲೆಗೆ ಹಾಕಿಕೊಳ್ಳುವ ತಾಮ್ರದ ಶಿರಸ್ತ್ರಾಣಗಳನ್ನೂ ಅಲ್ಲಿ ತಯಾರಿಸುತ್ತಿದ್ದರು. ಗಾಳಿ ಸೋರದಂತೆ, ನೀರು ನುಗ್ಗದಂತೆ ಲೋಹದ ಬಿಡಿಭಾಗ ಕೂಡಿಸುವುದು ಆ ಮನೆತನಕ್ಕೆ ಗೊತ್ತಿದ್ದ ಕಸುಬು. ಅದೇ ಅಂಗಡಿಯಿಂದ ಬಂದ ಟೈರ್ ವಾಲ್ವಿಗೆ 1893ರಲ್ಲಿ ಪೇಟೆಂಟ್ ದೊರೆಯಿತು. ನೂರಮೂವತ್ತು ವರ್ಷ ಕಳೆದರೂ ಕಾರು, ಸ್ಕೂಟರು, ಬೈಕು, ಲಾರಿಗಳಲ್ಲಿ ಅದೇ ಉಪಾಯ ನಡೆಯುತ್ತಿದೆ. ಸ್ಕೂಟರಿನ ಮುಚ್ಚಳ ಕಾರಿಗೂ ಸರಿಹೊಂದುವುದು ಇದರಿಂದಲೇ. ಸುಮಾರು 8 ಮಿಲಿಮೀಟರ್ ದಪ್ಪದ ಆ ಬಾಯಿಯ ಅಳತೆ ಎಲ್ಲದಕ್ಕೂ ಒಂದೇ.

ಕವಣೆಯಲ್ಲಿಟ್ಟ ಧೂಳು

ಹಾಗಾದರೆ ಗಾಳಿಯನ್ನು ಕಾಯುವುದು ವಾಲ್ವ್. ಮುಚ್ಚಳದ ಕೆಲಸ ಆ ಕಾವಲುಗಾರನನ್ನು ಕಾಯುವುದು. ರಬ್ಬರಿನ ಬಿರಡೆ ಮತ್ತು ಅದು ಕೂರುವ ಲೋಹದ ಅಂಚು ಎರಡೂ ನಯವಾಗಿ, ಸ್ವಚ್ಛವಾಗಿ ಇದ್ದರೆ ಮಾತ್ರ ಬಾಗಿಲು ಪೂರ್ತಿ ಮುಚ್ಚುತ್ತದೆ. ನಡುವೆ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಸಾಕು, ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಬಾಗಿಲ ಸಂದಿನಲ್ಲಿ ಕಲ್ಲು ಸಿಕ್ಕಿಕೊಂಡು ಚಿಲಕ ಬೀಳದ ಹಾಗೆ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಭೌತವಿಜ್ಞಾನದ ಒಂದು ಪಾಠವಿದೆ. ಬೈಕಿನ ಚಕ್ರದಲ್ಲಿ ವಾಲ್ವಿನ ಬಾಯಿ ಯಾವ ಕಡೆಗೆ ಮುಖ ಮಾಡಿದೆ ನೋಡಿ. ಅದು ಚಕ್ರದ ನಡುಭಾಗದ ಕಡೆಗೆ ತೆರೆದಿರುತ್ತದೆ, ಟೈರು ಅದರ ಬೆನ್ನ ಹಿಂದೆ ಇರುತ್ತದೆ. ಚಕ್ರ ತಿರುಗುವಾಗ ಅದರಲ್ಲಿರುವ ಎಲ್ಲವೂ ಕವಣೆಯಲ್ಲಿಟ್ಟ ಕಲ್ಲಿನಂತೆ ನಡುವಿನಿಂದ ಹೊರಕ್ಕೆ ಹೋಗಲು ಹವಣಿಸುತ್ತದೆ. ಪಠ್ಯಪುಸ್ತಕದಲ್ಲಿ ಬರುವ ಕೇಂದ್ರಾಪಗಾಮಿ ಬಲ ಇದೇ. ಹೀಗಾಗಿ ತೆರೆದ ವಾಲ್ವಿನ ಬಾಯಿಗೆ ಬಿದ್ದ ಧೂಳು, ಕೆಸರು, ನೀರಿನ ಹನಿ ಹೊರಗೆ ಚೆಲ್ಲಿಹೋಗುವುದಿಲ್ಲ. ಇನ್ನೂ ಆಳಕ್ಕೆ, ಬಾಗಿಲಿನ ಕಡೆಗೇ ತಳ್ಳಿಕೊಂಡು ಹೋಗುತ್ತದೆ. ಕಾರಿನ ವಾಲ್ವ್ ಸ್ವಲ್ಪ ಓರೆಯಾಗಿರುತ್ತದೆ, ಆದರೂ ಲೆಕ್ಕ ಹೆಚ್ಚು ಬೇರೆಯಲ್ಲ.

ಈ ತಳ್ಳಾಟ ಎಷ್ಟು ಜೋರು? ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವ ಸಣ್ಣ ಕಾರಿನ ಚಕ್ರ ಒಂದು ಸೆಕೆಂಡಿಗೆ ಸುಮಾರು 15 ಸುತ್ತು ತಿರುಗುತ್ತದೆ. ವಾಲ್ವ್ ಇರುವ ಜಾಗದಲ್ಲಿ ಆಗ ಉಂಟಾಗುವ ಬಲ ಭೂಮಿಯ ಗುರುತ್ವದ ನೂರು ಪಟ್ಟಿಗೂ ಮಿಕ್ಕಿದ್ದು. ವಾಲ್ವಿನೊಳಗಿನ ಕಡ್ಡಿಯ ಮೇಲೂ ಇದೇ ಬಲ ಬೀಳುತ್ತದೆ, ಅದೂ ಬಾಗಿಲನ್ನು ತೆರೆಯುವ ದಿಕ್ಕಿನಲ್ಲಿ. ಸ್ಪ್ರಿಂಗು ಮತ್ತು ಒಳಗಿನ ಗಾಳಿ ಅದನ್ನು ತಡೆದು ನಿಲ್ಲಿಸುತ್ತವೆ. ಸ್ಪ್ರಿಂಗು ತುಕ್ಕು ಹಿಡಿದು ಸೋತಿದ್ದರೆ, ಬಿರಡೆಯ ಕೆಳಗೆ ಮರಳು ಕೂತಿದ್ದರೆ ಆ ತಡೆ ಸಡಿಲವಾಗುತ್ತದೆ. ಒಳ್ಳೆಯ ಮುಚ್ಚಳದೊಳಗೆ ಒಂದು ರಬ್ಬರ್ ಉಂಗುರವಿರುತ್ತದೆ. ವಾಲ್ವ್ ಸೋರಿದರೂ ಗಾಳಿಯನ್ನು ಹಿಡಿದು ನಿಲ್ಲಿಸುವ ಎರಡನೆಯ ಬಾಗಿಲು ಅದೇ.

ಇನ್ನೊಂದು ಸಂದರ್ಭವೂ ಇದೆ. ಮುಚ್ಚಳವಿಲ್ಲದ ವಾಲ್ವಿನ ಬಾಯಿಯಲ್ಲಿ ಹೊಲಸು ತುಂಬಿಕೊಂಡಿದೆ ಎನ್ನಿ. ಗಾಳಿ ತುಂಬಲು ಬಂಕಿನ ಕೊಳವೆ ಸಿಕ್ಕಿಸಿದ ಕ್ಷಣ ಬಾಗಿಲು ತೆರೆಯುತ್ತದೆ. ಅಷ್ಟು ದಿನ ಹೊರಗೆ ಕಾದಿದ್ದ ಹೊಲಸು ಗಾಳಿಯ ಜೊತೆ ಒಳಗೆ ನುಗ್ಗುತ್ತದೆ. ಟೈರಿಗೆ ಉಪಕಾರ ಮಾಡಲು ಹೋದ ಗಳಿಗೆಯಲ್ಲೇ ಅಪಕಾರವಾಗುತ್ತದೆ.

ಮನೆಯ ಏರ್ ಕಂಡೀಷನರಿನಲ್ಲಿ ಅನಿಲ ತುಂಬುವ ಜಾಗದಲ್ಲೂ ಇದೇ ಜಾತಿಯ ವಾಲ್ವ್ ಇರುತ್ತದೆ. ಕೆಲಸ ಬಲ್ಲ ಮೆಕ್ಯಾನಿಕ್ ಅನಿಲ ತುಂಬಿದ ಮೇಲೆ ಮುಚ್ಚಳ ಹಾಕದೆ ಎದ್ದು ಹೋಗುವುದಿಲ್ಲ. ಬರಿಯ ವಾಲ್ವನ್ನು ನಂಬಿದರೆ ಅನಿಲ ಮೆಲ್ಲಗೆ ಸೋರಿಹೋಗುತ್ತದೆ ಎಂಬುದು ಅವನಿಗೆ ಗೊತ್ತು.

ಅಂಚೆ ಕಾರ್ಡಿನ ಮೇಲೆ ನಿಂತ ಕಾರು

ಸ್ವಲ್ಪ ಗಾಳಿ ಕಡಿಮೆಯಾದರೆ ಅಂಥ ಅನಾಹುತವೇನು ಎಂದು ಕೇಳುವವರಿದ್ದಾರೆ. ಒಂದು ಸಣ್ಣ ಲೆಕ್ಕ ಮಾಡೋಣ. ಜನರೂ ಸೇರಿ ಒಂದು ಸಾವಿರ ಕೆ.ಜಿ. ತೂಗುವ ಕಾರು. ಪ್ರತಿ ಚಕ್ರದ ಮೇಲೆ 250 ಕೆ.ಜಿ. ಭಾರ. ಟೈರಿನಲ್ಲಿ 30 ಪೌಂಡ್ ಗಾಳಿ ಇದ್ದರೆ ಅದು ಚದರ ಸೆಂಟಿಮೀಟರಿಗೆ ಸುಮಾರು 2.1 ಕೆ.ಜಿ. ಒತ್ತಡ. 250ನ್ನು 2.1ರಿಂದ ಭಾಗಿಸಿದರೆ ಸುಮಾರು 120 ಚದರ ಸೆಂಟಿಮೀಟರ್. ಒಂದು ಚಕ್ರ ರಸ್ತೆಯನ್ನು ಮುಟ್ಟುವುದು ಹೆಚ್ಚುಕಡಿಮೆ ಇಷ್ಟೇ ಜಾಗದಲ್ಲಿ. ಒಂದು ಅಂಚೆ ಕಾರ್ಡು 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ, ಅಂದರೆ 126 ಚದರ ಸೆಂಟಿಮೀಟರ್. ಇಡೀ ಸಂಸಾರ ಕೂತ ಕಾರು ನಿಂತಿರುವುದು, ಓಡುವುದು, ಬ್ರೇಕ್ ಹಾಕಿದಾಗ ನೆಲವನ್ನು ಹಿಡಿದುಕೊಳ್ಳುವುದು ನಾಲ್ಕು ಅಂಚೆ ಕಾರ್ಡುಗಳ ಮೇಲೆ.

ಆ ಭಾರವನ್ನು ಹೊರುವುದು ರಬ್ಬರ್ ಎಂದು ಅನೇಕರ ತಿಳುವಳಿಕೆ. ನಿಜವಾಗಿ ಹೊರುವುದು ಒಳಗಿನ ಗಾಳಿ. ಗಾಳಿ ಕಡಿಮೆಯಾದಾಗ ಟೈರಿನ ಪಕ್ಕೆಗಳು ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಮತ್ತೆ ನೆಟ್ಟಗಾಗಬೇಕು. ಒಂದು ತಂತಿಯನ್ನು ಹಿಂದೆ ಮುಂದೆ ಹತ್ತು ಸಲ ಬಗ್ಗಿಸಿ ಮುಟ್ಟಿ ನೋಡಿದರೆ ಬಿಸಿಯಾಗಿರುತ್ತದೆ. ಸೆಕೆಂಡಿಗೆ 15 ಸಲ ಬಾಗುವ ರಬ್ಬರಿಗೂ ಅದೇ ಗತಿ. ಬಿಸಿ ಏರಿದಂತೆ ಟೈರಿನ ಪದರಗಳನ್ನು ಒಂದಕ್ಕೊಂದು ಹಿಡಿದಿಟ್ಟ ಬೆಸುಗೆ ದುರ್ಬಲವಾಗುತ್ತದೆ. ಬೇಸಿಗೆಯ ಮಧ್ಯಾಹ್ನ, ಕಾದ ಹೆದ್ದಾರಿ, ಹಿಂದೆ ಮುಂದೆ ತುಂಬಿದ ಸಾಮಾನು, ವೇಗ, ಇವೆಲ್ಲ ಕೂಡಿದಾಗ ಟೈರು ಸಿಡಿಯುತ್ತದೆ.

1991ರ ಜುಲೈ 11ರಂದು ಸೌದಿ ಅರೇಬಿಯದ ಜೆಡ್ಡಾದಲ್ಲಿ ನಡೆದ ದುರಂತವನ್ನು ಇಲ್ಲಿ ನೆನೆಯಬೇಕು. ಹಜ್ ಯಾತ್ರೆ ಮುಗಿಸಿದವರನ್ನು ನೈಜೀರಿಯಕ್ಕೆ ಒಯ್ಯುತ್ತಿದ್ದ ಡಿ.ಸಿ.-8 ವಿಮಾನದ ಒಂದು ಚಕ್ರದಲ್ಲಿ ಗಾಳಿ ಕಡಿಮೆಯಿತ್ತು. ಅದು ಹೊರಬೇಕಾದ ಭಾರ ಪಕ್ಕದ ಚಕ್ರದ ಮೇಲೆ ಬಿತ್ತು. ರನ್‌ವೇ ಮೇಲೆ ಓಡುವಾಗಲೇ ಟೈರು ಸಿಡಿದು ಬೆಂಕಿ ಹೊತ್ತಿಕೊಂಡಿತು. ಚಕ್ರಗಳು ಮಡಚಿಕೊಂಡು ವಿಮಾನದ ಹೊಟ್ಟೆ ಸೇರಿದಾಗ ಬೆಂಕಿಯೂ ಅವುಗಳ ಜೊತೆ ಒಳಗೆ ಹೋಯಿತು. ಒಳಗಿದ್ದ 261 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಗಾಳಿ ಕಡಿಮೆಯಿರುವುದು ಮೆಕ್ಯಾನಿಕ್ಕಿಗೆ ಮೊದಲೇ ಗೊತ್ತಿತ್ತು, ತಡವಾಗುತ್ತದೆ ಎಂದು ಹಾಗೆಯೇ ಬಿಡಲಾಯಿತು ಎಂಬುದು ತನಿಖೆಯಲ್ಲಿ ಹೊರಬಂತು. ಆ ದುರಂತಕ್ಕೆ ವಾಲ್ವಿನ ಮುಚ್ಚಳ ಕಾರಣವಲ್ಲ. ಆದರೆ ‘ಸ್ವಲ್ಪ ಗಾಳಿ ಕಡಿಮೆ ಇದ್ದರೆ ಏನು?’ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ.

ಅಮೆರಿಕದಲ್ಲಿ 2000ದಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ಓಡುತ್ತಿರುವಾಗಲೇ ಟೈರಿನ ಮೇಲ್ಪದರ ಕಿತ್ತುಬಂದು ಕಾರುಗಳು ಮಗುಚಿ ನೂರಾರು ಜನ ಸತ್ತಿದ್ದರು. ಆ ಟೈರುಗಳಲ್ಲೇ ದೋಷವಿತ್ತು ನಿಜ. ಆದರೆ ಶಾಖ ಮತ್ತು ಕಡಿಮೆ ಗಾಳಿ ಇಂಥ ದೋಷವನ್ನು ಇನ್ನಷ್ಟು ಕೆರಳಿಸುತ್ತವೆ ಎಂಬ ಮಾತು ಆಗ ಬಲವಾಗಿ ಕೇಳಿಬಂತು. ಅದೇ ವರ್ಷ ಬಂದ ಕಾನೂನಿನ ಫಲವಾಗಿ, 2007ರ ಸೆಪ್ಟೆಂಬರಿನಿಂದ ಅಲ್ಲಿ ತಯಾರಾಗುವ ಪ್ರತಿ ಹೊಸ ಕಾರಿನಲ್ಲೂ ಟೈರಿನ ಗಾಳಿಯ ಮೇಲೆ ಕಣ್ಣಿಡುವ ಯಂತ್ರ ಕಡ್ಡಾಯವಾಯಿತು. ಇರಬೇಕಾದ ಗಾಳಿಯಲ್ಲಿ ಕಾಲು ಭಾಗ ಕಡಿಮೆಯಾದಾಗ ಅದು ದೀಪ ಹೊತ್ತಿಸಿ ಎಚ್ಚರಿಸಬೇಕು.

ಸದ್ದಿಲ್ಲದ ಸೋರಿಕೆ

ಮೊಳೆ ಚುಚ್ಚಿದರೆ ಪಂಕ್ಚರ್ ಆಗುತ್ತದೆ, ಗಾಡಿ ನಿಲ್ಲುತ್ತದೆ, ಸ್ಟೆಪ್ನಿ ಹಾಕುತ್ತಾರೆ. ಅದು ಕಿರಿಕಿರಿ, ಆದರೆ ಕಣ್ಣಿಗೆ ಕಾಣುವ ಕಿರಿಕಿರಿ. ವಾಲ್ವಿನ ಸೋರಿಕೆ ಹಾಗಲ್ಲ. ದಿನಕ್ಕೆ ಕಾಲು ಪೌಂಡ್ ಸೋರಿದರೆ ಯಾರಿಗೂ ತಿಳಿಯುವುದಿಲ್ಲ. ಹನಿಗೂಡಿದರೆ ಹಳ್ಳ ಎಂಬಂತೆ ತಿಂಗಳಿಗೆ ಅದು ಏಳೂವರೆ ಪೌಂಡ್ ಆಗುತ್ತದೆ. 32 ಪೌಂಡ್ ಇರಬೇಕಾದ ಟೈರಿನಲ್ಲಿ ಇಪ್ಪತ್ತನಾಲ್ಕೂವರೆ ಉಳಿದಿರುತ್ತದೆ. ಅಮೆರಿಕದ ಕಾನೂನು ದೀಪ ಹೊತ್ತಿಸು ಎನ್ನುವ ಹಂತದ ಹತ್ತಿರಕ್ಕೆ ಕಾರು ಬಂದು ನಿಂತಿದೆ, ಮನೆಯವರಿಗೆ ಸುಳಿವೇ ಇಲ್ಲ. ಈಗಿನ ರೇಡಿಯಲ್ ಟೈರುಗಳ ಪಕ್ಕೆ ಸರಿಯಾಗಿ ಗಾಳಿ ಇದ್ದಾಗಲೂ ಕೊಂಚ ಉಬ್ಬಿಕೊಂಡೇ ಇರುತ್ತದೆ. ಕಣ್ಣಳತೆಯಲ್ಲಿ, ಕಾಲಿನಿಂದ ಒದ್ದು ನೋಡುವುದರಲ್ಲಿ ಗೊತ್ತಾಗುವುದಿಲ್ಲ.

ಜೇಬಿಗೂ ಇದು ನಷ್ಟವೇ. ಗಾಳಿ ಕಡಿಮೆಯಾದ ಟೈರು ಎರಡು ಅಂಚುಗಳಲ್ಲಿ ಬೇಗ ಸವೆಯುತ್ತದೆ. ನಾಲ್ಕೂ ಟೈರುಗಳಲ್ಲಿ ಒಂದು ಪೌಂಡ್ ಕಡಿಮೆಯಾದರೆ ಮೈಲೇಜು ಸುಮಾರು ಶೇಕಡ 0.2ರಷ್ಟು ಇಳಿಯುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಕೆಲವೇ ರೂಪಾಯಿಯ ಮುಚ್ಚಳ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಟೈರು ಕಳೆದುಕೊಳ್ಳುವುದು ಎಂಥ ಜಾಣತನ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಎಂಥ ಟೋಪಿ ಒಳ್ಳೆಯದು?

ಸಾಧಾರಣ ಪ್ಲಾಸ್ಟಿಕ್ ಮುಚ್ಚಳ ಸಾಕು. ಒಳಗೆ ರಬ್ಬರ್ ಉಂಗುರವಿದ್ದರೆ ಇನ್ನೂ ಉತ್ತಮ. ಹಿಂದಿನ ಕಾಲದ ಹಿತ್ತಾಳೆಯ ಮುಚ್ಚಳಗಳ ತಲೆಯಲ್ಲಿ ಎರಡು ಕವಲುಗಳಿರುತ್ತಿದ್ದವು. ಅದನ್ನು ತಿರುವಿ ಹಾಕಿ ವಾಲ್ವ್ ಪಿನ್ನನ್ನೇ ಬಿಚ್ಚಬಹುದಿತ್ತು. ಮುಚ್ಚಳವೇ ಸ್ಪಾನರ್!

ಅಂಗಡಿಗಳಲ್ಲಿ ಈಗ ಥಳಥಳಿಸುವ ಲೋಹದ ಮುಚ್ಚಳಗಳೂ ಸಿಗುತ್ತವೆ. ಅವುಗಳ ವಿಷಯದಲ್ಲಿ ಎಚ್ಚರ ಬೇಕು. ಗಾಳಿಯ ಒತ್ತಡ ತಿಳಿಸುವ ಯಂತ್ರವಿರುವ ಕೆಲವು ಕಾರುಗಳಲ್ಲಿ ವಾಲ್ವಿನ ಕೊಳವೆ ಅಲ್ಯೂಮಿನಿಯಮ್ಮಿನದು. ಅದರ ಮೇಲೆ ಹಿತ್ತಾಳೆಯ ಮುಚ್ಚಳ ಹಾಕಿ ಮಳೆಯಲ್ಲಿ ನೆನೆಸಿದರೆ, ಎರಡು ಬೇರೆ ಲೋಹ ಮತ್ತು ನೀರು ಸೇರಿ ಪುಟ್ಟದೊಂದು ವಿದ್ಯುತ್ ಕೋಶವೇ ಆಗುತ್ತದೆ. ಅಲ್ಯೂಮಿನಿಯಮ್ ಕೊರೆದುಹೋಗಿ ಮುಚ್ಚಳ ಕಚ್ಚಿಕೊಳ್ಳುತ್ತದೆ. ಬಲವಂತವಾಗಿ ತಿರುಗಿಸಿದರೆ ಕೊಳವೆಯೇ ಮುರಿದು, ದುಬಾರಿ ಯಂತ್ರದ ಸಮೇತ ಬದಲಿಸಬೇಕಾಗಬಹುದು. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ.

ಹಸಿರು ಮುಚ್ಚಳ ಕಂಡರೆ ಅದರಲ್ಲಿ ನೈಟ್ರೋಜನ್ ತುಂಬಿಸಿದ್ದಾರೆ ಎಂದು ಗುರುತು. ಬಣ್ಣಕ್ಕೆ ಬೇರೆ ಮಹಿಮೆಯೇನೂ ಇಲ್ಲ. ಸಾಮಾನ್ಯ ಗಾಳಿಯಲ್ಲೂ ಶೇಕಡ 78ರಷ್ಟು ನೈಟ್ರೋಜನ್ನೇ ಇರುತ್ತದೆ. ಯಾವುದನ್ನು ತುಂಬಿಸಿದರೂ ಅಳತೆ ನೋಡುವುದನ್ನು ಬಿಡುವಂತಿಲ್ಲ.

ತಿಂಗಳಿಗೊಂದು ಭಾನುವಾರ

ಇದು ಮಕ್ಕಳೂ ದೊಡ್ಡವರೂ ಕೂಡಿ ಮಾಡಬಹುದಾದ ಹತ್ತು ನಿಮಿಷದ ಕೆಲಸ. ಬೆಳಿಗ್ಗೆ ಗಾಡಿ ಹೊರಗೆ ತೆಗೆಯುವ ಮೊದಲು ಮಾಡಿದರೆ ಒಳ್ಳೆಯದು. ಓಡಿ ಬಿಸಿಯಾದ ಟೈರಿನಲ್ಲಿ ಗಾಳಿ ಹಿಗ್ಗಿ ಅಳತೆ ಹೆಚ್ಚು ತೋರಿಸುತ್ತದೆ. ಆಗ ‘ಜಾಸ್ತಿ ಇದೆ’ ಎಂದು ಗಾಳಿ ಬಿಡಬಾರದು, ತಣ್ಣಗಾದಾಗ ಕಡಿಮೆಯಾಗಿಬಿಡುತ್ತದೆ. ಎಷ್ಟು ಗಾಳಿ ಇರಬೇಕು ಎಂಬುದನ್ನು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿ ಅಥವಾ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತದೆ. ಬಂಕಿನ ಹುಡುಗ ‘ಎಷ್ಟು ಹೊಡೀಲಿ ಸಾರ್?’ ಎಂದಾಗ ‘ನೀನೇ ನೋಡಿ ಹೊಡಿಯಪ್ಪ’ ಎನ್ನುವ ಬದಲು ಸರಿಯಾದ ಅಂಕಿ ಹೇಳುವ ಜವಾಬ್ದಾರಿಯನ್ನು ಮನೆಯ ಹೈಸ್ಕೂಲು ಹುಡುಗ ಅಥವಾ ಹುಡುಗಿಗೆ ವಹಿಸಬಹುದು. ಪ್ರತಿ ತಿಂಗಳ ಅಳತೆಯನ್ನು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಇನ್ನೂ ಲೇಸು. ಆರೋಗ್ಯವಾಗಿರುವ ಟೈರು ಕೂಡ ತಿಂಗಳಿಗೆ ಒಂದು ಪೌಂಡ್‌ನಷ್ಟು ಕಳೆದುಕೊಳ್ಳುತ್ತದೆ. ನಾಲ್ಕರಲ್ಲಿ ಒಂದೇ ಟೈರು ಹೆಚ್ಚು ಕಳೆದುಕೊಳ್ಳುತ್ತಿದ್ದರೆ ರೋಗಿ ಯಾರೆಂದು ಪುಸ್ತಕವೇ ಹೇಳುತ್ತದೆ.

ವಾಲ್ವ್ ಸೋರುತ್ತಿದೆಯೇ ಎಂದು ನೋಡಲು ಪಂಕ್ಚರ್ ಅಂಗಡಿಯವರು ಬೆರಳಿಗೆ ಎಂಜಲು ಹಚ್ಚಿಕೊಂಡು ವಾಲ್ವಿನ ಬಾಯಿಗೆ ಸವರುತ್ತಾರೆ. ಮನೆಯಲ್ಲಿ ಒಂದು ಹನಿ ಸೋಪಿನ ನೀರು ಸಾಕು. ಗುಳ್ಳೆ ಎದ್ದರೆ ಸೋರಿಕೆ ಖಚಿತ. ವಾಲ್ವ್ ಪಿನ್ ಬದಲಿಸುವುದು ಕೆಲವು ನಿಮಿಷಗಳ ಕೆಲಸ. ಹೊಸ ಟೈರು ಹಾಕಿಸುವಾಗ ವಾಲ್ವನ್ನೂ ಹೊಸದು ಹಾಕಿಸಬೇಕು, ಅದರ ರಬ್ಬರಿಗೂ ವಯಸ್ಸಾಗುತ್ತದೆ. ಗಾಳಿ ಹೊಡೆಸುವಾಗ ಮುಚ್ಚಳಗಳನ್ನು ನೆಲದ ಮೇಲಿಡದೆ ಅಂಗಿಯ ಜೇಬಿಗೆ ಹಾಕಿಕೊಳ್ಳಬೇಕು. ಕೈಯಿಂದ ಬಿಗಿಯಾಗುವಷ್ಟು ತಿರುಗಿಸಿದರೆ ಸಾಕು, ಇಕ್ಕಳ ಬೇಡ. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಯನ್ನೂ ಮರೆಯಬಾರದು. ಬೇಕಾದ ದಿನ ಅದರಲ್ಲೇ ಗಾಳಿ ಇಲ್ಲದಿರುವುದು ಅನೇಕರ ಅನುಭವ.

ಕೊನೆಯದಾಗಿ ವಿದ್ಯಾರ್ಥಿಗಳಿಗೊಂದು ಮಾತು. ಸೈಕಲ್ ಸ್ಟ್ಯಾಂಡಿನಲ್ಲಿ ಬೇರೆಯವರ ಗಾಡಿಯ ಮುಚ್ಚಳ ಬಿಚ್ಚಿ ಜೇಬಿಗೆ ಹಾಕಿಕೊಳ್ಳುವುದು, ಮೇಷ್ಟ್ರ ಸ್ಕೂಟರಿನ ಗಾಳಿ ಬಿಡುವುದು ಶಾಲೆಯಷ್ಟೇ ಹಳೆಯ ತುಂಟಾಟಗಳು. ಪೂರ್ತಿ ಗಾಳಿ ಬಿಟ್ಟರೆ ಮೇಷ್ಟ್ರು ಬಯ್ದುಕೊಂಡು ಗಾಡಿ ತಳ್ಳಿಕೊಂಡು ಹೋಗುತ್ತಾರೆ, ಅಲ್ಲಿಗೆ ಮುಗಿಯಿತು. ಅರ್ಧ ಗಾಳಿ ಬಿಟ್ಟರೆ ಅಥವಾ ಮುಚ್ಚಳ ಕದ್ದರೆ ಅವರಿಗೆ ತಿಳಿಯುವುದೇ ಇಲ್ಲ. ಹೆಂಡತಿ, ಮಗುವನ್ನು ಕೂರಿಸಿಕೊಂಡು ಅದೇ ಸ್ಕೂಟರಿನಲ್ಲಿ ಊರಾಚೆಯ ರಸ್ತೆ ಹಿಡಿಯುತ್ತಾರೆ. ತುಂಟಾಟ ಮಾಡಿದವನು ಆ ಹೊತ್ತಿಗೆ ಅದನ್ನು ಮರೆತು ಮನೆಯಲ್ಲಿ ಊಟ ಮಾಡುತ್ತಿರುತ್ತಾನೆ. ಪೋಷಕರೂ ಗಮನಿಸಬೇಕು: ಚಿಕ್ಕ ಮಕ್ಕಳ ಕೈಗೆ ಈ ಮುಚ್ಚಳ ಸಿಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಾರೆ, ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರ ಅದು.

ಜೇಬಿನಲ್ಲಿ ಅಂಥ ಮುಚ್ಚಳ ಇಟ್ಟುಕೊಂಡವರು ಯಾರಾದರೂ ಇದ್ದರೆ ನಾಳೆ ಬೆಳಿಗ್ಗೆ ಅದನ್ನು ಇದ್ದ ಜಾಗದಲ್ಲೇ ತಿರುಗಿಸಿ ಬರಲಿ. ಟೋಪಿ ಹಾಕಿದ್ದಕ್ಕೆ ಈ ಒಂದು ಸಲ ಯಾರೂ ಬಯ್ಯುವುದಿಲ್ಲ.